ಪಂಚಮದ ಪಕ್ಕದಲ್ಲೊಂದು 100 ಹರ್ಟ್ಜ್: ದೊಡ್ಡಮ್ಮನ ಸ್ಟೀರಿಯೋ ರಿಪೇರಿ

ಮೈಸೂರಿನ ಸರಸ್ವತಿಪುರಂನಲ್ಲಿರುವ ದೊಡ್ಡಮ್ಮನ ನಡುಮನೆಯಲ್ಲಿ, ದೊಡ್ಡಪ್ಪ 1994ರಲ್ಲಿ ಕೊಂಡು ತಂದ ಸ್ಟೀರಿಯೋ ಆಂಪ್ಲಿಫೈಯರ್ ಇಂದಿಗೂ ದಿನಕ್ಕೆ ಮೂರು ನಾಲ್ಕು ಗಂಟೆ ದುಡಿಯುತ್ತದೆ. ಅದಕ್ಕೆ ಒಂದು ಸಿ.ಡಿ. ಪ್ಲೇಯರ್, ಒಂದು ರೆಕಾರ್ಡ್ ಪ್ಲೇಯರ್, ಟಿ.ವಿ.ಯ ಸೆಟ್‌ಟಾಪ್ ಬಾಕ್ಸ್ ಮತ್ತು ಒಂದು ಜೊತೆ ಸ್ಪೀಕರ್‌ಗಳು ಸೇರಿಕೊಂಡಿವೆ. ದೊಡ್ಡಮ್ಮ ನಲವತ್ತು ವರ್ಷ ವೀಣೆ ಪಾಠ ಹೇಳಿದವರು. ಕಣ್ಣು ಮಂಜಾಗಿದ್ದರೂ ಅವರ ಕಿವಿ ಮಂಜಾಗಿಲ್ಲ. ಕಳೆದ ಮಾಗಿಯಲ್ಲಿ ಒಂದು ಸಂಜೆ ಅವರು ಫೋನ್ ಮಾಡಿ, "ಪುಟ್ಟಾ, ತಂಬೂರಿ ಪಂಚಮ ನಿಲ್ತಾ ಇಲ್ಲ ಕಣೋ. ಅಲೆ ಬರ್ತಾ ಇದೆ. ಸಿ.ಡಿ. ಹಾಳಾಯ್ತೋ ಏನೋ, ಬಂದು ನೋಡು" ಎಂದರು. ಗದ್ದಲವಿದೆ ಎಂದಾಗಲಿ, ಗುಂಯ್ ಎನ್ನುತ್ತಿದೆ ಎಂದಾಗಲಿ ಅವರು ಹೇಳಲಿಲ್ಲ. ಪಂಚಮ ನಿಲ್ಲುತ್ತಿಲ್ಲ ಎಂಬ ಆ ಒಂದು ಮಾತು ಮುಂದಿನ ಎರಡು ವಾರದ ಕೆಲಸಕ್ಕೆ ಎಷ್ಟು ದೊಡ್ಡ ಸುಳಿವಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು.

ಸಿ.ಡಿ. ಹಾಳಾಗಿರಲಿಲ್ಲ. ಅದೇ ತಟ್ಟೆಯನ್ನು ಲ್ಯಾಪ್‌ಟಾಪಿಗೆ ಹಾಕಿ ಹೆಡ್‌ಫೋನಿನಲ್ಲಿ ಕೇಳಿದರೆ ತಂಬೂರಿ ಕಲ್ಲಿನಂತೆ ನಿಂತಿತ್ತು. ಆಂಪ್ಲಿಫೈಯರಿನ ಮೂಲಕ ಕೇಳಿದಾಗ ಮಾತ್ರ ಮಂದ್ರ ಪಂಚಮದ ತಂತಿ ಮಿಡಿದು ಆರುವ ಹೊತ್ತಿಗೆ ನಾದ ಮೆಲ್ಲಗೆ ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿತ್ತು. ನಾನು ಗಡಿಯಾರ ಹಿಡಿದು ಎಣಿಸಿದೆ: ಐದು ಸೆಕೆಂಡಿಗೆ ಹೆಚ್ಚುಕಡಿಮೆ ಇಪ್ಪತ್ತು ಅಲೆಗಳು, ಅಂದರೆ ಸೆಕೆಂಡಿಗೆ ನಾಲ್ಕು.

ವೀಣೆಗೆ ಶ್ರುತಿ ಮಾಡಿದವರಿಗೆಲ್ಲ ಈ ಅಲೆ ಗೊತ್ತು. ಎರಡು ತಂತಿಗಳು ಒಂದೇ ಸ್ವರಕ್ಕೆ ಹತ್ತಿರ ಬಂದು ಇನ್ನೂ ಕೂಡದಿರುವಾಗ, ಅವೆರಡರ ಕಂಪನಸಂಖ್ಯೆಗಳ ವ್ಯತ್ಯಾಸ ಎಷ್ಟೋ ಅಷ್ಟು ಅಲೆಗಳು ಪ್ರತಿ ಸೆಕೆಂಡಿಗೆ ಕೇಳಿಸುತ್ತವೆ. ಬಿರಡೆ ತಿರುಗಿಸುತ್ತ ಹೋದಂತೆ ಅಲೆ ನಿಧಾನವಾಗಿ, ಕೂಡಿದಾಗ ಇಲ್ಲವಾಗುತ್ತದೆ. ಆ ಸಿ.ಡಿ.ಯ ಗಾಯಕರ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಒಂದು, ಅಂದರೆ ಷಡ್ಜ ಸುಮಾರು 138.6 ಹರ್ಟ್ಜ್, ಎಂದರೆ ಸೆಕೆಂಡಿಗೆ ಅಷ್ಟು ಕಂಪನ. ಮಂದ್ರ ಪಂಚಮ ಅದರ ಮುಕ್ಕಾಲು ಭಾಗವಾದ್ದರಿಂದ ಸುಮಾರು 104 ಹರ್ಟ್ಜ್ ಆಗುತ್ತದೆ. ಸೆಕೆಂಡಿಗೆ ನಾಲ್ಕು ಅಲೆ ಏಳಬೇಕಾದರೆ ಆ ಪಂಚಮದ ಪಕ್ಕದಲ್ಲಿ 100 ಅಥವಾ 108 ಹರ್ಟ್ಜಿನ ಇನ್ನೊಂದು ನಾದ ಕುಳಿತಿರಲೇಬೇಕು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಜಿನದು. 100 ಅದರ ಇಮ್ಮಡಿ. ಹಾಗಾಗಿ ಪೆಟ್ಟಿಗೆಯ ಮುಚ್ಚಳ ತೆಗೆಯುವುದಕ್ಕೆ ಮೊದಲೇ ನನ್ನ ಅನುಮಾನ ಆಂಪ್ಲಿಫೈಯರಿನ ಪವರ್ ಸಪ್ಲೈ, ಅಂದರೆ ಮನೆಯ ಕರೆಂಟನ್ನು ಯಂತ್ರಕ್ಕೆ ಒಗ್ಗುವಂತೆ ಮಾಡಿಕೊಡುವ ಭಾಗದ ಮೇಲೆ ಬಿದ್ದಿತು. ಅನುಮಾನವನ್ನು ಗಟ್ಟಿಮಾಡಿಕೊಳ್ಳಲು ಸ್ಪೀಕರಿನ ಮುಂದೆ ಫೋನ್ ಹಿಡಿದು, ಧ್ವನಿಯ ಆವರ್ತನಗಳನ್ನು ಗೆರೆಗಳಾಗಿ ತೋರಿಸುವ ಒಂದು ಆಪ್ ತೆರೆದೆ. ಎಲ್ಲಕ್ಕಿಂತ ಎತ್ತರದ ಗೆರೆ 100ರ ಬಳಿ ನಿಂತಿತ್ತು, ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಆಚೀಚೆ ಸರಿಯುತ್ತಿತ್ತು. ನಮ್ಮ ದೇಶದ ವಿದ್ಯುತ್ ಜಾಲದ ಆವರ್ತನವನ್ನು 49.90ರಿಂದ 50.05 ಹರ್ಟ್ಜಿನ ನಡುವೆ ಇರಿಸಿಕೊಳ್ಳಬೇಕೆಂಬ ನಿಯಮವಿರುವುದರಿಂದ ಅದರ ಇಮ್ಮಡಿಯೂ ಹೀಗೆ ತುಸು ತೂಗಾಡುವುದು ಸಹಜ. 150 ಮತ್ತು 250ರ ಬಳಿಯೂ ಎರಡು ಗಿಡ್ಡ ಗೆರೆಗಳಿದ್ದವು. ಅವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡೆನಾದರೂ ಅಂದು ಅವುಗಳ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ರಾತ್ರಿ ಹತ್ತರ ಮೇಲೆ ಬೀದಿಯ ಸದ್ದು ಅಡಗಿದಾಗ ಫ್ಯಾನ್ ಆರಿಸಿ, ಫ್ರಿಜ್ಜನ್ನೂ ಅರ್ಧ ಗಂಟೆ ನಿಲ್ಲಿಸಿ ಪರೀಕ್ಷೆಗೆ ಕುಳಿತೆ. ಸ್ಪೀಕರಿಗೆ ಒಂದು ಗೇಣು ದೂರದಲ್ಲಿ ಕಿವಿಯಿಟ್ಟಾಗ ಮೂರು ಬಗೆಯ ಸದ್ದು ಒಂದರ ಮೇಲೊಂದು ಹಾಸಿಕೊಂಡಿರುವುದು ತಿಳಿಯಿತು: ತಳದಲ್ಲಿ ದಪ್ಪನೆಯ ಗುಂಯ್ಕಾರ, ಅದರ ಮೇಲೆ ಜೇನುನೊಣ ಹಾರಿದಂತಹ ಅಂಚುಳ್ಳ ಸದ್ದು, ಇವೆರಡಕ್ಕಿಂತ ಮೇಲೆ ಟ್ವೀಟರಿನಿಂದ, ಅಂದರೆ ಏರುಸ್ವರಗಳ ಚಿಕ್ಕ ಸ್ಪೀಕರಿನಿಂದ ಬರುವ ಸಣ್ಣ ಸುಯ್. ಈ ಕೆಲಸದಲ್ಲಿ ನಾನು ಹಿಂದೆ ಎಷ್ಟೋ ಬಾರಿ ತಪ್ಪಿರುವುದು ಇಲ್ಲಿಯೇ. ಮೂರನ್ನೂ ಒಂದೇ ರೋಗವೆಂದು ತಿಳಿದು ಒಂದು ಮದ್ದು ಮಾಡುತ್ತೇವೆ; ಒಂದು ಸದ್ದು ಹೋದರೂ ಉಳಿದೆರಡು ಇರುವುದರಿಂದ ಮದ್ದು ಫಲಿಸಲಿಲ್ಲವೆಂದು ಭಾವಿಸಿ, ಸರಿಯಾಗಿದ್ದುದನ್ನು ಮತ್ತೆ ಕೆದಕುತ್ತೇವೆ. ಆದ್ದರಿಂದ ಈ ಸಲ ಒಂದೊಂದು ಸದ್ದಿಗೂ ಪುಸ್ತಕದಲ್ಲಿ ಬೇರೆ ಬೇರೆ ಪುಟ ಮಾಡಿದೆ.

ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ; ಗುಂಯ್ಕಾರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಹಾಗಾದರೆ ಅದು ಹುಟ್ಟುತ್ತಿರುವುದು ವಾಲ್ಯೂಮ್ ಗುಂಡಿಯ ನಂತರದ ಭಾಗದಲ್ಲಿ. ಆಂಪ್ಲಿಫೈಯರನ್ನು ಆರಿಸಿ, ಹಿಂಬದಿಯ ಕೇಬಲ್ಲುಗಳನ್ನೆಲ್ಲ ಕಿತ್ತು, ಸಿ.ಡಿ.ಯ ಇನ್‌ಪುಟ್ಟಿಗೆ ನಾನೇ ಮಾಡಿಕೊಂಡ ಮೂಕ ಪ್ಲಗ್ಗುಗಳನ್ನು ಸಿಕ್ಕಿಸಿದೆ. ಆಡಿಯೋ ಕೇಬಲ್ಲಿನ ತುದಿಯಲ್ಲಿರುವ ಆರ್‌ಸಿಎ ಎಂಬ ಬಗೆಯ ಹಳೆಯ ಪ್ಲಗ್ಗಿನ ನಡುಪಿನ್ನನ್ನೂ ಹೊರಬಳೆಯನ್ನೂ ಒಂದು ಚೂರು ತಂತಿಯಿಂದ ಬೆಸೆದರೆ ಅದು ಸಿದ್ಧವಾಗುತ್ತದೆ. ಇನ್‌ಪುಟ್ಟಿನ ಬಾಯಿಗೆ ಬೀಗ ಹಾಕಿದಂತೆ ಹೊರಗಿನ ಯಾವ ಸದ್ದೂ ಒಳಗೆ ಹೋಗದು. ಇದನ್ನು ಟೇಪ್ ಔಟ್, ಪ್ರೀ ಔಟ್ ಎಂದು ಬರೆದಿರುವ ತೂತುಗಳಿಗೆ ಮಾತ್ರ ಎಂದೂ ಹಾಕಬಾರದು, ಏಕೆಂದರೆ ಅಲ್ಲಿ ಅದು ಆಂಪ್ಲಿಫೈಯರಿನದೇ ಔಟ್‌ಪುಟ್ಟನ್ನು ಷಾರ್ಟ್ ಮಾಡಿಬಿಡುತ್ತದೆ. ಮತ್ತೆ ಸ್ವಿಚ್ ಹಾಕಿದಾಗ ಜೇನಿನ ಸದ್ದು ಸಂಪೂರ್ಣ ಮಾಯವಾಗಿತ್ತು, ಗುಂಯ್ಕಾರ ಇದ್ದಂತೆಯೇ ಇತ್ತು. ಎರಡಕ್ಕೂ ಬೇರೆ ಬೇರೆ ಹುಟ್ಟು ಎಂಬುದು ಅಲ್ಲಿಗೆ ಖಚಿತವಾಯಿತು.

ಮರುದಿನ ಬೆಳಿಗ್ಗೆ ಮುಚ್ಚಳ ಬಿಚ್ಚಿದೆ. ಮೂವತ್ತು ವರ್ಷದ ದೂಳಿನ ಕೆಳಗೆ ವಿನ್ಯಾಸ ಅಚ್ಚುಕಟ್ಟಾಗಿತ್ತು: ಒಂದು ಟ್ರಾನ್ಸ್‌ಫಾರ್ಮರ್, ಒಂದು ಬ್ರಿಡ್ಜ್ ರೆಕ್ಟಿಫೈಯರ್, ಪ್ಲಸ್ ಮತ್ತು ಮೈನಸ್ 35 ವೋಲ್ಟುಗಳ ಎರಡು ಸಾಲು, ಪ್ರತಿ ಸಾಲಿಗೂ 4700 ಮೈಕ್ರೋಫ್ಯಾರಡ್ (ಕೆಪಾಸಿಟರಿನ ಹಿಡಿತದ ಅಳತೆ) ಮತ್ತು 50 ವೋಲ್ಟಿನ ಒಂದೊಂದು ಕೆಪಾಸಿಟರ್. ರೆಕ್ಟಿಫೈಯರ್ 50 ಹರ್ಟ್ಜಿನ ಅಲೆಯ ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚುವುದರಿಂದ ಸೆಕೆಂಡಿಗೆ ನೂರು ಗುಡ್ಡಗಳಾಗುತ್ತವೆ. ಎರಡು ಗುಡ್ಡಗಳ ನಡುವಿನ ಕಣಿವೆಯನ್ನು ತನ್ನಲ್ಲಿ ತುಂಬಿಟ್ಟುಕೊಂಡ ವಿದ್ಯುತ್ತಿನಿಂದ ಮುಚ್ಚುವುದು ಈ ಕೆಪಾಸಿಟರಿನ ಕೆಲಸ. ತೋಟದ ತೊಟ್ಟಿಯಂತೆ ಎನ್ನಬಹುದು: ಪಂಪು ಬಿಟ್ಟುಬಿಟ್ಟು ನೀರು ಸುರಿದರೂ ತೊಟ್ಟಿ ದೊಡ್ಡದಾಗಿದ್ದರೆ ಕಾಲುವೆಯ ನೀರು ಒಂದೇ ಸಮನೆ ಹರಿಯುತ್ತದೆ. ತೊಟ್ಟಿ ಹೂಳು ತುಂಬಿ ಕಿರಿದಾದರೆ ಪಂಪಿನ ಏರಿಳಿತವೆಲ್ಲ ಕಾಲುವೆಯಲ್ಲಿ ಕಾಣುತ್ತದೆ.

ಸ್ವಿಚ್ ಹಾಕಿಕೊಂಡೇ ಒಳಗೆ ಅಳೆಯುವ ಕೆಲಸ ಅಪಾಯದ್ದು. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ 230 ವೋಲ್ಟ್ ತೆರೆದುಕೊಂಡಿರುತ್ತದೆ. ನಾನು ಫ್ಯೂಸ್ ಮತ್ತು ಸ್ವಿಚ್ಚಿನ ಬಳಿಯ ತುದಿಗಳಿಗೆಲ್ಲ ಮೊದಲೇ ದಪ್ಪ ರಟ್ಟು ಮುಚ್ಚಿ, ಮೀಟರಿನ ಕರಿಯ ತಂತಿಯನ್ನು ಕ್ಲಿಪ್ಪಿನಿಂದ ಗ್ರೌಂಡಿಗೆ ಸಿಕ್ಕಿಸಿ, ಒಂದೇ ಕೈಯಿಂದ ಅಳೆದೆ. ಇನ್ನೊಂದು ಎಚ್ಚರವನ್ನೂ ಹೇಳಬೇಕು. ಅಗ್ಗದ ಮಲ್ಟಿಮೀಟರುಗಳಲ್ಲಿ ಕೆಲವು, ಎ.ಸಿ. ಅಳತೆಗೆ ಇಟ್ಟಾಗಲೂ ಡಿ.ಸಿ.ಯನ್ನು ತಡೆಯದೆ ಸುಳ್ಳು ಅಂಕಿ ತೋರಿಸುತ್ತವೆ. 35 ವೋಲ್ಟ್ ಡಿ.ಸಿ.ಯ ಬೆನ್ನ ಮೇಲೆ ಕುಳಿತ ಸಣ್ಣ ಏರಿಳಿತವನ್ನು ಅಳೆಯುವಾಗ ಅದನ್ನು ನಂಬಲಾಗದು. ಹಾಗಾಗಿ ಕೆಂಪು ತಂತಿಗೆ 1 ಮೈಕ್ರೋಫ್ಯಾರಡ್ಡಿನ ಒಂದು ಫಿಲ್ಮ್ ಕೆಪಾಸಿಟರನ್ನು ಸರಣಿಯಲ್ಲಿ ಸೇರಿಸಿಕೊಂಡೆ, ಡಿ.ಸಿ. ಅಲ್ಲೇ ನಿಲ್ಲುತ್ತದೆ, ಏರಿಳಿತ ಮಾತ್ರ ಮೀಟರಿಗೆ ಬರುತ್ತದೆ. ಮೈನಸ್ ಸಾಲಿನಲ್ಲಿ 78 ಮಿಲಿವೋಲ್ಟ್ ಇತ್ತು, ಪ್ಲಸ್ ಸಾಲಿನಲ್ಲಿ 410.

ಈ ಎರಡು ಅಂಕಿಗಳು ಲೆಕ್ಕಕ್ಕೆ ಕೂಡುತ್ತವೆಯೇ ಎಂದು ಅಲ್ಲಿಯೇ ಕುಳಿತು ನೋಡಿದೆ. ಹಾಡು ಹಾಕದೆ ಸುಮ್ಮನಿರುವಾಗ ಈ ಆಂಪ್ಲಿಫೈಯರ್ ಪ್ರತಿ ಸಾಲಿನಿಂದ ಸುಮಾರು 120 ಮಿಲಿಆಂಪಿಯರ್ ಎಳೆಯುತ್ತದೆ. ಏರಿಳಿತದ ಪೂರ್ಣ ಎತ್ತರವೆಂದರೆ ಆ ಕರೆಂಟನ್ನು 100ರಿಂದಲೂ ಕೆಪಾಸಿಟರಿನ ಫ್ಯಾರಡ್ ಬೆಲೆಯಿಂದಲೂ ಭಾಗಿಸಿದಷ್ಟು. ಕೆಪಾಸಿಟರ್ 4700 ಇದ್ದರೆ ಅದು ಸುಮಾರು 0.26 ವೋಲ್ಟ್ ಆಗುತ್ತದೆ. ಏರಿಳಿತ ಗರಗಸದ ಹಲ್ಲಿನ ಆಕಾರದಲ್ಲಿರುವುದರಿಂದ ಮೀಟರ್ ತೋರಿಸುವುದು ಪೂರ್ಣ ಎತ್ತರದ ಮೂರೂವರೆಯಲ್ಲೊಂದು ಭಾಗದಷ್ಟನ್ನು, ಅಂದರೆ 74 ಮಿಲಿವೋಲ್ಟನ್ನು. ಮೈನಸ್ ಸಾಲು ಇದಕ್ಕೆ ಸರಿಯಾಗಿಯೇ ಇತ್ತು. ಪ್ಲಸ್ ಸಾಲಿನ 410 ಮಿಲಿವೋಲ್ಟಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕೆಪಾಸಿಟರ್ ಸುಮಾರು 850ಕ್ಕೆ ಇಳಿದಿರಬೇಕಿತ್ತು. ಬಿಚ್ಚಿ ತೆಗೆದು, ಕೆಪಾಸಿಟರಿನ ಬೆಲೆ ತೋರಿಸುವ ಎಲ್‌ಸಿಆರ್ ಮೀಟರಿನಲ್ಲಿ ಅಳೆದಾಗ ಬಂದದ್ದು 910. ಹೀಗೆ ಲೆಕ್ಕವೂ ವಸ್ತುವೂ ಒಂದೇ ಮಾತು ಹೇಳಿದಾಗ ಆಗುವ ಸಂತೋಷಕ್ಕಾಗಿಯೇ ನಾನು ಈ ಕೆಲಸ ಮಾಡುತ್ತೇನೆ ಎಂದರೂ ತಪ್ಪಿಲ್ಲ.

ಎರಡೂ ಒಂದೇ ದಿನ ಹುಟ್ಟಿದ ಕೆಪಾಸಿಟರುಗಳು. ಒಂದೇ ಏಕೆ ಸತ್ತಿತು? ಉತ್ತರ ಕಣ್ಣೆದುರೇ ಇತ್ತು. ಪ್ಲಸ್ ಸಾಲಿನದು ಬ್ರಿಡ್ಜ್ ರೆಕ್ಟಿಫೈಯರಿಗೂ ಹೀಟ್‌ಸಿಂಕಿಗೂ ನಡುವೆ ಬೆರಳು ತೂರದಷ್ಟು ಜಾಗದಲ್ಲಿ ನಿಂತಿತ್ತು, ಮೈನಸ್ ಸಾಲಿನದು ತಂಪಾದ ಅಂಚಿನಲ್ಲಿತ್ತು. ಇಂತಹ ಕೆಪಾಸಿಟರಿನ ಒಳಗೆ ಎಲೆಕ್ಟ್ರೋಲೈಟ್ ಎಂಬ ದ್ರವದಲ್ಲಿ ನೆನೆದ ಕಾಗದವಿರುತ್ತದೆ. ಬಿಸಿಗೆ ಅದು ಬುಡದ ರಬ್ಬರ್ ಬಿರಡೆಯ ಮೂಲಕ ವರ್ಷಗಟ್ಟಲೆ ಆವಿಯಾಗುತ್ತ ಹೋಗುತ್ತದೆ. 10 ಡಿಗ್ರಿ ಬಿಸಿ ಹೆಚ್ಚಿದರೆ ಆಯುಷ್ಯ ಅರ್ಧವಾಗುತ್ತದೆಂಬುದು ಈ ಕಸುಬಿನಲ್ಲಿ ಎಲ್ಲರೂ ಬಳಸುವ ಅಂದಾಜು. ಸತ್ತ ಕೆಪಾಸಿಟರಿನ ನೆತ್ತಿ ಉಬ್ಬಿರುತ್ತದೆಂದು ಹಲವರು ನಂಬುತ್ತಾರೆ. ಇದರ ನೆತ್ತಿ ಹೊಸದರಂತೆ ಚಪ್ಪಟೆಯಾಗಿತ್ತು. ಹೊರಕವಚದ ಪ್ಲಾಸ್ಟಿಕ್ ಮಾತ್ರ ಒಂದು ಬದಿಯಲ್ಲಿ ಹಿಂದಕ್ಕೆ ಸರಿದು ಸುಕ್ಕುಗಟ್ಟಿತ್ತು, ಕಾಲುಗಳ ಬುಡದಲ್ಲಿ ಹಳೆಯ ತುಪ್ಪದ ಬಣ್ಣದ ಒಂದು ಕಲೆಯಿತ್ತು.

ಹೊಸದನ್ನು ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಸಿಗದ ಬಿಡಿಭಾಗವಿಲ್ಲ, ಆದರೆ ಹಳೆಯ ಅಥವಾ ಚಿಕ್ಕ ಕೆಪಾಸಿಟರಿಗೆ ಹೊಸ ಕವಚ ತೊಡಿಸಿ ಮಾರುವ ಮೋಸ ಎಲ್ಲ ಊರಿನ ಮಾರುಕಟ್ಟೆಯಲ್ಲೂ ಇರುವುದರಿಂದ ಮೀಟರನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. 6800 ಮೈಕ್ರೋಫ್ಯಾರಡ್, 50 ವೋಲ್ಟ್, 105 ಡಿಗ್ರಿ ತಡೆಯುವ ಎರಡನ್ನು ಅಂಗಡಿಯಲ್ಲೇ ಅಳೆದು ಕೊಂಡೆ. ಎರಡೂ 6350ರ ಆಸುಪಾಸಿನಲ್ಲಿದ್ದವು, ಇಂತಹವುಗಳಿಗೆ ಇರುವ ನೂರಕ್ಕೆ ಇಪ್ಪತ್ತರ ವಿನಾಯಿತಿಯೊಳಗೆ ಅದು ಸರಿಯೇ. ಹಳೆಯವು 85 ಡಿಗ್ರಿಯವಾಗಿದ್ದವು. ಇನ್ನೂ ದೊಡ್ಡದು, ಇಪ್ಪತ್ತೆರಡು ಸಾವಿರದ್ದು ಹಾಕಿದರೆ ಏರಿಳಿತ ಮತ್ತೂ ಕಡಿಮೆಯಾಗುವುದಲ್ಲವೇ ಎಂದು ಅಂಗಡಿಯವರು ಕೇಳಿದರು. ಏರಿಳಿತವೇನೋ ಕಡಿಮೆಯಾಗುತ್ತದೆ, ಆದರೆ ಸ್ವಿಚ್ ಹಾಕಿದ ಕ್ಷಣದಲ್ಲಿ ಅಷ್ಟು ದೊಡ್ಡ ತೊಟ್ಟಿಯನ್ನು ತುಂಬಲು ನುಗ್ಗುವ ಕರೆಂಟನ್ನು ಹಳೆಯ ರೆಕ್ಟಿಫೈಯರ್ ಮತ್ತು ಸ್ವಿಚ್ ತಾಳಬೇಕು. ಒಂದು ಹೆಜ್ಜೆ ಮೇಲೆ ಹೋಗುವುದು ಸಾಕು.

ಅಳೆಯಲೆಂದು ಅಂದು ಹಳೆಯದನ್ನು ಬಿಚ್ಚುವ ಮೊದಲೇ ಪ್ಲಗ್ ಕಿತ್ತು, 220 ಓಮಿನ 5 ವ್ಯಾಟ್ ರೆಸಿಸ್ಟರಿನ ಕಾಲುಗಳನ್ನು ಇಕ್ಕಳದಲ್ಲಿ ಹಿಡಿದು ಎರಡೂ ಕೆಪಾಸಿಟರುಗಳ ಮೇಲೆ ಹತ್ತು ಹತ್ತು ಸೆಕೆಂಡ್ ಇಟ್ಟು ಖಾಲಿ ಮಾಡಿದೆ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಬೋರ್ಡ್ ಮುಟ್ಟಿದೆ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವವರಿದ್ದಾರೆ. ಅದರಿಂದ ಬೋರ್ಡಿನ ತಾಮ್ರದ ಗೆರೆಗಳು ಸುಡುತ್ತವೆ. ಹಳೆಯ ಬೆಸುಗೆ ಗಟ್ಟಿಯಾಗಿ ಕೂತಿತ್ತು, ಸುಮ್ಮನೆ ಕಾಯಿಸಿದರೆ ಕರಗಲಿಲ್ಲ. ಅದರ ಮೇಲೆ ಒಂದು ಹನಿ ಹೊಸ ಬೆಸುಗೆ ಹಾಕಿ ಬೆರೆಸಿದಾಗ ಎರಡೂ ಒಟ್ಟಿಗೆ ಹೊಳೆದು ಕರಗಿದವು; ತಾಮ್ರದ ಜಡೆಯಿಂದ ಅದನ್ನು ಹೀರಿಸಿ ತೆಗೆದೆ. ಹೊಸದರ ಬಿಳಿ ಪಟ್ಟಿ ಮೈನಸ್ ಕಡೆಗಿದೆಯೇ ಎಂದು ಮೂರು ಸಲ ನೋಡಿದೆ. ತಲೆಕೆಳಗಾಗಿ ಹಾಕಿದ ಕೆಪಾಸಿಟರ್ ಸಿಡಿಯುತ್ತದೆ, ಮುಖ ಅದರ ಮೇಲೆಯೇ ಬಾಗಿರುತ್ತದೆ.

ಮೊದಲ ಸಲ ಸ್ವಿಚ್ ಹಾಕುವಾಗ ನೇರವಾಗಿ ಹಾಕದೆ, ರಿಪೇರಿಯವರೆಲ್ಲ ಮಾಡುವಂತೆ 60 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಸೀರೀಸಿನಲ್ಲಿ ಸೇರಿಸಿದೆ. ಒಳಗೆ ಷಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ತಾನೇ ಹೊರೆಯನ್ನು ಹೊರುತ್ತದೆ, ಯಂತ್ರ ಉಳಿಯುತ್ತದೆ. ಬಲ್ಬು ಒಮ್ಮೆ ಭಗ್ಗನೆ ಹೊತ್ತಿ, ಕೆಪಾಸಿಟರುಗಳು ತುಂಬುತ್ತ ಬಂದಂತೆ ಮಂಕಾಗಿ, ಕೊನೆಗೆ ತಂತಿ ಕೆಂಡದ ಎಳೆಯಂತೆ ಕಂಡೂ ಕಾಣದಂತಾಯಿತು. ಆಮೇಲೆ ಬಲ್ಬು ತೆಗೆದು ಅಳೆದಾಗ ಎರಡೂ ಸಾಲಿನಲ್ಲಿ 55 ಮಿಲಿವೋಲ್ಟ್ ಇತ್ತು. ಸ್ಪೀಕರಿಗೆ ಕಿವಿಯಿಟ್ಟೆ, ಗುಂಯ್ಕಾರ ಹೋಗಿತ್ತು. ಫೋನಿನ ಆಪ್‌ನಲ್ಲಿ 100ರ ಗೆರೆ ನೆಲಕ್ಕೆ ಕೂತಿತ್ತು.

ಆದರೆ ಕೇಬಲ್ಲುಗಳನ್ನೆಲ್ಲ ಮತ್ತೆ ಸಿಕ್ಕಿಸಿದಾಗ ಜೇನುನೊಣ ಮರಳಿ ಬಂದಿತು. ಮೊದಲ ದಿನ ಬರೆದಿಟ್ಟುಕೊಂಡಿದ್ದ 150 ಮತ್ತು 250ರ ಗಿಡ್ಡ ಗೆರೆಗಳು ಈಗ ಒಂಟಿಯಾಗಿ ನಿಂತಿದ್ದವು. ಇವು 50ರ ಬೆಸ ಗುಣಕಗಳು. ಕೆಪಾಸಿಟರಿನ ದೋಷದಿಂದ ಬರುವುದು 100, 200, 300 ಎಂಬ ಸರಿಸಾಲು. 50, 150, 250 ಎಂಬ ಬೆಸಸಾಲು ಎದ್ದು ಕಂಡರೆ ಸಾಮಾನ್ಯವಾಗಿ ಅದು ಮನೆಯ ವೈರಿಂಗಿನ ಕರೆಂಟು ಆಡಿಯೋ ಕೇಬಲ್ಲಿನೊಳಗೆ ಹರಿಯುತ್ತಿರುವ ಗುರುತು, ಅಂದರೆ ಗ್ರೌಂಡ್ ಲೂಪ್. ಫೋನಿನ ಮೈಕ್ ತೀರ ತಗ್ಗಿನ 50ನ್ನು ಸರಿಯಾಗಿ ಹಿಡಿಯದಿದ್ದರೂ ಮೇಲಿನವು ಗುಟ್ಟನ್ನು ಬಿಟ್ಟುಕೊಡುತ್ತವೆ.

ಒಂದೊಂದೇ ಕೇಬಲ್ ಕಿತ್ತು ನೋಡಿದೆ. ಸಿ.ಡಿ. ಪ್ಲೇಯರಿನದು ಕಿತ್ತರೂ ಸದ್ದಿತ್ತು, ರೆಕಾರ್ಡ್ ಪ್ಲೇಯರಿನದು ಕಿತ್ತರೂ ಇತ್ತು. ಸೆಟ್‌ಟಾಪ್ ಬಾಕ್ಸಿನಿಂದ ಬರುವ ಆರ್‌ಸಿಎ ಕೇಬಲ್ ಕೀಳುತ್ತಲೇ ನಿಂತಿತು. ಕೇಳುತ್ತಿದ್ದುದು ಸಿ.ಡಿ. ಆಗಿದ್ದು ಸೆಟ್‌ಟಾಪ್ ಬಾಕ್ಸನ್ನು ಆಯ್ಕೆಯೇ ಮಾಡದಿದ್ದಾಗಲೂ ಸದ್ದು ಬರುತ್ತಿದ್ದುದೇಕೆ ಎಂದು ದೊಡ್ಡಮ್ಮನ ಮೊಮ್ಮಗ ಕೇಳಿದ. ಸೆಲೆಕ್ಟರ್ ಗುಂಡಿ ಬದಲಿಸುವುದು ನಡುಪಿನ್ನಿನ ತಂತಿಯನ್ನು ಮಾತ್ರ. ಹೊರಬಳೆಗಳೆಲ್ಲವೂ ಒಳಗೆ ಸದಾ ಒಂದಕ್ಕೊಂದು ಸೇರಿಯೇ ಇರುತ್ತವೆ. ಕರೆಂಟು ಹರಿಯುವುದು ಆ ಹೊರಬಳೆಯಲ್ಲಿ.

ಈಗ ಸೆಟ್‌ಟಾಪ್ ಬಾಕ್ಸಿನ ಆರ್‌ಸಿಎ ಕೇಬಲ್ಲನ್ನು ಮತ್ತೆ ಹಾಕಿ, ಅದರ ಬೆನ್ನಿಗೆ ತಿರುಪಿದ್ದ ಕೇಬಲ್ ಟಿ.ವಿ.ಯ ದಪ್ಪ ವೈರನ್ನು ಬಿಚ್ಚಿದೆ. ಸದ್ದು ಇಲ್ಲ. ತಿರುಪಿದೆ, ಬಂತು. ಲೂಪಿನ ಎರಡು ಕೊನೆಗಳು ಸಿಕ್ಕಿದ್ದವು: ಒಂದು ಕಡೆ ಆಂಪ್ಲಿಫೈಯರ್ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಮನೆಯ ಹಿತ್ತಿಲಿನ ಅರ್ಥಿಂಗ್ ಗುಂಡಿಗೆ ಸೇರಿದೆ, ಇನ್ನೊಂದು ಕಡೆ ಕೇಬಲ್ ಟಿ.ವಿ. ವೈರಿನ ಷೀಲ್ಡ್ ಬೀದಿಕಂಬದ ಪೆಟ್ಟಿಗೆಯವರೆಗೆ ಹೋಗಿ ಅಲ್ಲಿನ ನೆಲಕ್ಕೆ ಸೇರಿದೆ. ಎರಡು ನೆಲಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಎಂದಿಗೂ ಇರುತ್ತದೆ. ಅವುಗಳನ್ನು ಸೇರಿಸುವ ಸೇತುವೆಯಾಗಿ ನಮ್ಮ ತೆಳ್ಳಗಿನ ಆಡಿಯೋ ಕೇಬಲ್ ಸಿಕ್ಕಿಬಿದ್ದಿತ್ತು.

ಬಿಚ್ಚಿದ ವೈರಿನ ಷೀಲ್ಡಿಗೂ ಆಂಪ್ಲಿಫೈಯರಿನ ಮೈಗೂ ನಡುವೆ ಅಳೆದಾಗ 1.9 ವೋಲ್ಟ್ ಎ.ಸಿ. ಬಂದಿತು. ಇಂತಹ ಅಳತೆಯಲ್ಲಿ ಮೋಸಹೋಗುವುದು ಸುಲಭ, ಆದ್ದರಿಂದ ಒಂದು ಉಪಾಯ ಹೇಳುತ್ತೇನೆ. ಎರಡು ಪಿನ್ನಿನ ಅಡಾಪ್ಟರಿನಿಂದ ನಡೆಯುವ ಯಾವ ಯಂತ್ರದ ಮೈಯನ್ನು ಅಳೆದರೂ ಮೀಟರ್ ಎಪ್ಪತ್ತು, ಎಂಬತ್ತು ವೋಲ್ಟ್ ತೋರಿಸಿ ಗಾಬರಿಪಡಿಸಬಹುದು. ಅಡಾಪ್ಟರಿನೊಳಗಿನ ಪುಟ್ಟ ಕೆಪಾಸಿಟರಿನಿಂದ ಸೋರಿದ ಶಕ್ತಿಹೀನ ವೋಲ್ಟೇಜ್ ಅದು. ಮೀಟರಿನ ಎರಡು ತುದಿಗಳ ನಡುವೆ 1000 ಓಮಿನ ರೆಸಿಸ್ಟರ್ ಒಂದನ್ನು ಹಿಡಿದರೆ ಅದು ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ಸೆಟ್‌ಟಾಪ್ ಬಾಕ್ಸಿನ ಮೈಯಲ್ಲಿ ಹಾಗೆಯೇ ಕುಸಿಯಿತು. ಕೇಬಲ್ ಟಿ.ವಿ. ವೈರಿನ 1.9 ಮಾತ್ರ ರೆಸಿಸ್ಟರ್ ಹಿಡಿದ ಮೇಲೂ 1.8ಕ್ಕಿಂತ ಕೆಳಗಿಳಿಯಲಿಲ್ಲ. ಅದು ಬೆನ್ನಲ್ಲಿ ಬಲವಿರುವ ನಿಜವಾದ ವೋಲ್ಟೇಜು.

ಇದೇ ಹಂತದಲ್ಲಿ, ಬೇರೆ ಕೆಲಸಕ್ಕೆ ಬಂದಿದ್ದ ಎಲೆಕ್ಟ್ರಿಷಿಯನ್ ಒಬ್ಬರು ನೋಡಿ, "ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡಿ ಸಾರ್, ಐದು ನಿಮಿಷದ ಕೆಲಸ" ಎಂದರು. ಸದ್ದು ನಿಲ್ಲುತ್ತದೆಂಬುದು ನಿಜ, ಏಕೆಂದರೆ ಲೂಪಿನ ಒಂದು ಕೊನೆ ಕತ್ತರಿಸಿದಂತಾಗುತ್ತದೆ. ಆದರೆ ಆ ಲೋಹದ ಪೆಟ್ಟಿಗೆಯೊಳಗೆ ಮೂವತ್ತು ವರ್ಷದ ಟ್ರಾನ್ಸ್‌ಫಾರ್ಮರಿದೆ. ಅದರ ಇನ್ಸುಲೇಷನ್ ಒಂದು ದಿನ ಬಿಟ್ಟುಕೊಟ್ಟರೆ 230 ವೋಲ್ಟ್ ಪೆಟ್ಟಿಗೆಯ ಮೈಗೆ ಬರುತ್ತದೆ. ಅರ್ಥ್ ಇದ್ದರೆ ಫ್ಯೂಸ್ ಸುಡುತ್ತದೆ ಅಥವಾ ಟ್ರಿಪ್ ಆಗುತ್ತದೆ, ಅರ್ಥ್ ಇಲ್ಲದಿದ್ದರೆ ಒದ್ದೆ ಕೈಯಲ್ಲಿ ವಾಲ್ಯೂಮ್ ತಿರುಗಿಸುವ ಎಪ್ಪತ್ತೆಂಟು ವರ್ಷದ ಹೆಂಗಸಿನ ಮೂಲಕ ನೆಲಕ್ಕೆ ಹೋಗುತ್ತದೆ. ಆಡಿಯೋ ಸದ್ದಿಗಾಗಿ ಅರ್ಥ್ ಪಿನ್ ಕತ್ತರಿಸುವುದನ್ನು ನಾನು ಯಾರ ಮನೆಯಲ್ಲೂ ಒಪ್ಪುವುದಿಲ್ಲ. ಲೂಪನ್ನು ಕತ್ತರಿಸಬೇಕಾದ ಜಾಗ ಸಿಗ್ನಲ್ ಹರಿಯುವ ಹಾದಿ. ಅವರಿಗೆ ಇದನ್ನೆಲ್ಲ ವಿವರಿಸಿದೆ, ಅವರು ಕೇಳಿಸಿಕೊಂಡರು, ಹೋಗುವ ಮೊದಲು ಸಾಕೆಟ್ಟಿನ ಅರ್ಥ್ ಸ್ಕ್ರೂ ಸಡಿಲವಾಗಿದ್ದುದನ್ನು ಅವರೇ ಬಿಗಿಮಾಡಿ ಹೋದರು.

ಸಿಗ್ನಲ್ ಹಾದಿಯಲ್ಲಿ ಕತ್ತರಿಸಲು ಮೂರು ದಾರಿಗಳಿದ್ದವು. ಸೆಟ್‌ಟಾಪ್ ಬಾಕ್ಸಿನಿಂದ ಆಪ್ಟಿಕಲ್ ಕೇಬಲ್ ಎಳೆದರೆ ಬೆಳಕು ಮಾತ್ರ ಹೋಗುವುದರಿಂದ ಲೂಪಿನ ಮಾತೇ ಇಲ್ಲ, ಆದರೆ ಈ ಆಂಪ್ಲಿಫೈಯರಿಗೆ ಅದನ್ನು ತಿಳಿಯುವ ಶಕ್ತಿಯಿಲ್ಲ, ನಡುವೆ ಇನ್ನೊಂದು ಯಂತ್ರ ಬೇಕು. ಆರ್‌ಸಿಎ ಕೇಬಲ್ಲಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಅಗ್ಗದವು ತಗ್ಗಿನ ಸ್ವರಗಳನ್ನು ತಿನ್ನುತ್ತವೆ. ಮೃದಂಗದ ಎಡಭಾಗದ ನಾದ ತೆಳುವಾಗುವುದನ್ನು ದೊಡ್ಡಮ್ಮ ಮೊದಲ ಆವರ್ತದಲ್ಲೇ ಹಿಡಿದುಬಿಡುತ್ತಾರೆ. ನಾನು ಆರಿಸಿಕೊಂಡದ್ದು ಮೂರನೆಯದನ್ನು: ಕೇಬಲ್ ಟಿ.ವಿ. ವೈರು ಮನೆಯೊಳಗೆ ಬರುವಲ್ಲಿ ಸೇರಿಸುವ ಹೆಬ್ಬೆರಳು ಗಾತ್ರದ ಗ್ಯಾಲ್ವನಿಕ್ ಐಸೊಲೇಟರ್. ಅದರೊಳಗೆ ನಡುತಂತಿಗೂ ಷೀಲ್ಡಿಗೂ ಚಿಕ್ಕ ಕೆಪಾಸಿಟರುಗಳಿರುತ್ತವೆ, ಟಿ.ವಿ.ಯ ಮೆಗಾಹರ್ಟ್ಜುಗಳು ದಾಟಿಹೋಗುತ್ತವೆ, 50 ಹರ್ಟ್ಜ್ ದಾಟಲಾರದೆ ಆಚೆಯೇ ನಿಲ್ಲುತ್ತದೆ. ಮಾಳಿಗೆಯ ಮೇಲೆ ಡಿಷ್ ಆಂಟೆನಾ ಇರುವವರಿಗೆ ಇದು ಒದಗದು. ಡಿಷ್ಷಿನ ಮೂತಿಯಲ್ಲಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಪೆಟ್ಟಿಗೆಗೆ ಅದೇ ವೈರಿನಲ್ಲಿ ಡಿ.ಸಿ. ಹೋಗಬೇಕು, ಐಸೊಲೇಟರ್ ಅದನ್ನು ತಡೆದುಬಿಡುತ್ತದೆ. ಐಸೊಲೇಟರ್ ತಿರುಪಿದ ಮೇಲೆ ಚಾನೆಲ್ಲುಗಳೆಲ್ಲ ಬಂದವು, ಜೇನುನೊಣ ಬರಲಿಲ್ಲ.

ಮೂರನೆಯ ಸುಯ್ ಸದ್ದು ಹಾಗೆಯೇ ಇದೆ, ಅದನ್ನು ನಾನು ಮುಟ್ಟಲಿಲ್ಲ. ಪ್ರತಿಯೊಂದು ರೆಸಿಸ್ಟರಿನಲ್ಲೂ ಬಿಸಿಯಿಂದಾಗಿ ಎಲೆಕ್ಟ್ರಾನುಗಳು ಕುದಿಯುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ 10,000 ಓಮಿನ ಒಂದು ರೆಸಿಸ್ಟರ್, ನಾವು ಕೇಳಬಲ್ಲ ಆವರ್ತನಗಳ ಹರವಿನಲ್ಲಿ, ಏನೂ ಮಾಡದೆ ಕುಳಿತಲ್ಲೇ ಸುಮಾರು 1.8 ಮೈಕ್ರೋವೋಲ್ಟ್ ಸದ್ದನ್ನು ಹುಟ್ಟಿಸುತ್ತದೆ. ಟ್ರಾನ್ಸಿಸ್ಟರುಗಳು ತಮ್ಮ ಪಾಲನ್ನು ಸೇರಿಸುತ್ತವೆ, ಆಂಪ್ಲಿಫೈಯರ್ ಎಲ್ಲವನ್ನೂ ಹಿಗ್ಗಿಸುತ್ತದೆ. ಗೇಣು ದೂರದಲ್ಲಿ ಕೇಳುತ್ತಿದ್ದ ಆ ಸುಯ್ ಎರಡು ಮೊಳ ಹಿಂದೆ ಸರಿದರೆ ಇಲ್ಲ.

ದೊಡ್ಡಮ್ಮ ತಮ್ಮ ಕುರ್ಚಿಯಲ್ಲಿ ಕುಳಿತು ಅದೇ ಸಿ.ಡಿ. ಹಾಕಿಸಿದರು. ತಂಬೂರಿ ಶುರುವಾಗಿ ಗಾಯಕರು ಇನ್ನೂ ಬಾಯಿ ತೆರೆಯದ ಆ ಹತ್ತಿಪ್ಪತ್ತು ಸೆಕೆಂಡು ಅವರು ಕಣ್ಣು ಮುಚ್ಚಿ, ಎಡಗೈ ತೋರುಬೆರಳನ್ನು ಕುರ್ಚಿಯ ತೋಳಿನ ಮೇಲೆ ತಂತಿ ಒತ್ತುವಂತೆ ಊರಿ ಕೇಳಿದರು. ಪಂಚಮ ಮಿಡಿಯಿತು, ಹಬ್ಬಿತು, ಅಲುಗದೆ ಆರಿತು. "ನಿಂತಿತು ಕಣೋ" ಎಂದರು. ಆಮೇಲೆ ದೊಡ್ಡಪ್ಪನ ಕಾಲದ ಒಂದು ಎಲ್‌ಪಿ ರೆಕಾರ್ಡನ್ನು ತೆಗೆಸಿ, "ಸೆಕೆ ಆಗ್ತಿದೆ, ಫ್ಯಾನ್ ಮೂರಕ್ಕೆ ಹಾಕು" ಎಂದರು. ಹಾಕಿದೆ. ರೆಕಾರ್ಡಿನ ಹಿಂದೆ ಹೊಸದೊಂದು ಚಿರ್ ಸದ್ದು ಎದ್ದಿತು.

ಇದು ಫ್ಯಾನಿನ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರಿನ ಕೆಲಸ. ಅದರೊಳಗಿನ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಸೆಕೆಂಡಿಗೆ ನೂರು ಬಾರಿ ಕರೆಂಟನ್ನು ಅಲೆಯ ನಡುವಿನಲ್ಲಿ ಥಟ್ಟನೆ ಹಾಯಿಸುವುದರಿಂದ ಚೂಪಾದ ಅಂಚುಗಳೇಳುತ್ತವೆ; ಫ್ಯಾನನ್ನು ಪೂರ್ತಿ ಐದಕ್ಕೆ ತಿರುಗಿಸಿದಾಗ ಚಿರ್ ಸದ್ದು ಬಹುತೇಕ ಅಡಗಿದ್ದು ಅದಕ್ಕೇ. ರೆಕಾರ್ಡ್ ಪ್ಲೇಯರಿನ ಮುಳ್ಳು ಕೊಡುವುದು ಸುಮಾರು 5 ಮಿಲಿವೋಲ್ಟ್, ಸಿ.ಡಿ. ಪ್ಲೇಯರ್ ಕೊಡುವ 2 ವೋಲ್ಟಿನ ನಾನೂರರಲ್ಲೊಂದು ಭಾಗ. ಅಷ್ಟು ಹಿಗ್ಗಿಸುವಾಗ ಗಾಳಿಯಲ್ಲಿ ಬಂದ ಸದ್ದೂ ಹಿಗ್ಗುತ್ತದೆ. ರೆಕಾರ್ಡ್ ಪ್ಲೇಯರಿನ ಹಸಿರು ಗ್ರೌಂಡ್ ತಂತಿಯ ತುದಿ ಕಪ್ಪಾಗಿತ್ತು. ಮರಳು ಕಾಗದದಿಂದ ಉಜ್ಜಿ ತಾಮ್ರ ಕೆಂಪಗೆ ಕಂಡ ಮೇಲೆ ಮತ್ತೆ ಬಿಗಿದಾಗ ಸದ್ದು ಅರ್ಧಕ್ಕಿಂತ ಕಡಿಮೆಯಾಯಿತು. ಆಂಪ್ಲಿಫೈಯರಿಗೆ ಅಂಟಿಕೊಂಡಂತಿದ್ದ ಪ್ಲೇಯರನ್ನು ಅದರ ಟ್ರಾನ್ಸ್‌ಫಾರ್ಮರಿನಿಂದ ಎರಡು ಅಡಿ ಆಚೆಗೆ ಸರಿಸಿದೆ. ಮರುದಿನ ಮೇನ್ ಸ್ವಿಚ್ ಆರಿಸಿ, ಕೆಪಾಸಿಟರಿನಿಂದ ವೇಗ ಬದಲಿಸುವ ಸ್ಟೆಪ್ ಟೈಪ್ ರೆಗ್ಯುಲೇಟರನ್ನು ಹಳೆಯದರ ಜಾಗದಲ್ಲಿ ಕೂರಿಸಿದೆ. ಫ್ಯಾನ್ ಮೂರರಲ್ಲಿ ತಿರುಗುತ್ತಿರಲು ರೆಕಾರ್ಡ್ ಹಾಕಿದೆವು. ಮುಳ್ಳು ತಟ್ಟೆಗೆ ತಾಗಿದ ಸದ್ದು, ದೂಳಿನ ಚಟಪಟ, ಅದರ ಹಿಂದೆ ತಂಬೂರಿ. ನಾನು ಆಂಪ್ಲಿಫೈಯರಿನ ಮುಚ್ಚಳದ ಒಳಬದಿಗೆ ಹೊಸ ಕೆಪಾಸಿಟರುಗಳ ಬೆಲೆಯನ್ನೂ ಅಂದಿನ ತಾರೀಖನ್ನೂ 55 ಮಿಲಿವೋಲ್ಟ್ ಎಂಬ ಅಳತೆಯನ್ನೂ ಚೀಟಿಯಲ್ಲಿ ಬರೆದು ಅಂಟಿಸಿ, ನಾಲ್ಕು ಸ್ಕ್ರೂಗಳನ್ನು ಬಿಗಿದೆ.